ಉಮ್ಮ ಕೇಳಿದ ಕತೆ, ನಾವು ಹೋದ ಚಂದ್ರಗಿರಿ

ನಮ್ಮ ಮನೆಯಲ್ಲಿ ಆದಿತ್ಯವಾರ ಮಧ್ಯಾಹ್ನ ಊಟದ ಮೇಲೆ ಎರಡು ಗಂಟೆ ಎಂಥದ್ದೂ ನಡೆಯುವುದಿಲ್ಲ. ಗಂಡಸರು ಫ್ಯಾನಿನ ಅಡಿಯಲ್ಲಿ ಉರುಳುತ್ತಾರೆ, ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ, ನಾವು ಹೆಂಗಸರು ಪಾತ್ರೆ ತೊಳೆದು 'ಸಂಜೆ ಪಣಂಬೂರು ಬೀಚಿಗೆ ಹೋಗುವನಾ' ಎಂದು ಕೇಳುತ್ತೇವೆ. ಯಾರೂ ಉತ್ತರ ಕೊಡುವುದಿಲ್ಲ. ಐದು ಗಂಟೆಗೆ ಎದ್ದು ಚಾ ಕುಡಿಯುವಾಗ 'ಇನ್ನು ಹೋದರೆ ಟ್ರಾಫಿಕ್' ಎಂದು ಒಬ್ಬರು ಹೇಳುತ್ತಾರೆ. ಅಲ್ಲಿಗೆ ಬೀಚು ಮುಗಿಯಿತು.

ಈ ಏರ್ಪಾಡು ಕೆಟ್ಟದ್ದು ಉಮ್ಮನ ಕಣ್ಣಿನಿಂದ. ಪೊರೆ ತೆಗೆಸಿದ ಮೇಲೆ ಡಾಕ್ಟರು ಒಂದು ತಿಂಗಳು ಬಗ್ಗಬಾರದು, ಒಲೆಯ ಹತ್ತಿರ ಹೋಗಬಾರದು, ಕಣ್ಣಿಗೆ ಆಯಾಸ ಮಾಡಬಾರದು ಎಂದರು. ಮೊದಲಿನ ಎರಡನ್ನು ಉಮ್ಮ ಪಾಲಿಸಲಿಲ್ಲ. ಮೂರನೆಯದನ್ನು ಪಾಲಿಸದೆ ಉಪಾಯವೇ ಇರಲಿಲ್ಲ, ಅಕ್ಷರ ಕಾಣಬೇಕಲ್ಲ.

ಉಮ್ಮ ಓದುವುದು ಎಂದರೆ ಕುರ್‌ಆನಿನ ಜೊತೆಗೆ ಕಪಾಟಿನ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಮಾಲೆಯ ಕಿತಾಬು. ಮೊಹಿಯುದ್ದೀನ್ ಮಾಲೆ, ನಫೀಸತ್ ಮಾಲೆ, ಎಲ್ಲ ಅರಬಿ ಮಲಯಾಳಂ ಲಿಪಿಯಲ್ಲಿ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಕಟ್ಟಿದ ಮೊಹಿಯುದ್ದೀನ್ ಮಾಲೆಯನ್ನು ನಾನೂರು ವರ್ಷಗಳ ಮೇಲೆ ನಮ್ಮ ಮನೆಯ ಚಾವಡಿಯಲ್ಲಿ ಮಗ್ರಿಬ್ ಆದ ನಂತರ ಒಬ್ಬರು ರಾಗವಾಗಿ ಓದುತ್ತಿದ್ದರು ಎಂದರೆ ಅದು ಸಣ್ಣ ವಿಷಯವಲ್ಲ. ಮನೆಯಲ್ಲಿ ಯಾರಿಗಾದರೂ ಹೆರಿಗೆಯ ದಿನ ಹತ್ತಿರ ಬಂದರೆ ನಫೀಸತ್ ಮಾಲೆ. ನಾವೆಲ್ಲ ಆ ದನಿ ಕೇಳಿಯೇ ಹುಟ್ಟಿದವರು.

ಇಂಥ ಉಮ್ಮನನ್ನು ಒಮ್ಮೆ ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆವು. ಅರ್ಜಿ ತುಂಬಿಸುತ್ತಿದ್ದವರು 'ಓದು ಬರಹ ಬರುತ್ತದಾ' ಎಂದು ಕೇಳಿದರು. ನಾವು, ಉಮ್ಮನ ಮಕ್ಕಳೇ, 'ಇಲ್ಲ' ಎಂದೆವು. ಕನ್ನಡ ಬರುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ, ಮತ್ತೆ ಇನ್ನೇನು ಎಂಬುದು ನಮ್ಮ ಲೆಕ್ಕ. ಉಮ್ಮ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ಬಂದರು. ಆ ರಾತ್ರಿ ಮಾಲೆ ಓದುವಾಗ ದನಿ ಸ್ವಲ್ಪ ಜೋರಾಗಿತ್ತು ಎಂದು ಈಗ ನೆನಪಾಗುತ್ತದೆ.

ಅಂತೂ ಕಣ್ಣು ಕಟ್ಟಿದ ವಾರ ಉಮ್ಮ ಹೇಳಿದರು, 'ಇಷ್ಟು ಜನ ಓದಿದವರು ಇದ್ದೀರಿ. ಒಬ್ಬರು ನನಗೆ ಓದಿ ಹೇಳಿ ನೋಡುವ.'

ಮಾಲೆಯ ಕಿತಾಬು ತೆಗೆದೆವು. ಅಲ್ಲಿಗೆ ನಮ್ಮ ಓದಿನ ಮರ್ಯಾದೆ ಹೋಯಿತು. ಅರಬಿ ಅಕ್ಷರ ಗೊತ್ತು, ಮದ್ರಸದಲ್ಲಿ ಕಲಿತದ್ದೇ. ಆದರೆ ಚ, ಪ, ಗ, ಙ ಇಂಥವಕ್ಕೆಲ್ಲ ಹೆಚ್ಚಿನ ಚುಕ್ಕಿ, ಗೆರೆ ಹಾಕಿದ ಅಕ್ಷರ ಬಂದ ಕಡೆ ನಾವು ರೈಲು ಹಳಿ ತಪ್ಪಿದ ಹಾಗೆ ನಿಂತೆವು. ಉಮ್ಮ ಕಣ್ಣು ಮುಚ್ಚಿಕೊಂಡೇ ಮುಂದಿನ ಸಾಲು ಬಾಯಿಪಾಠ ಹೇಳಿದರು. ಎಂ.ಕಾಂ. ಮಾಡಿದ ತಮ್ಮ ಮೆಲ್ಲಗೆ ಅಂಗಳಕ್ಕೆ ಜಾರಿದ.

ಹಾಗಾದರೆ ಕನ್ನಡದ್ದೇ ಓದುವ ಎಂದಾಯಿತು. ಮೊದಲು ಪೇಪರ್. ಉಮ್ಮನಿಗೆ ಬೇಕಾದ್ದು ಎರಡೇ, ಯಾರು ತೀರಿಹೋದರು ಮತ್ತು ಚಿನ್ನಕ್ಕೆ ಎಷ್ಟು. ಅದು ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಮನೆಯಲ್ಲಿದ್ದ ಒಂದು ಪತ್ತೇದಾರಿ ಕಾದಂಬರಿ. ಮೂರನೆಯ ಪುಟದಲ್ಲೇ ಕೊಲೆಗಾರ ಯಾರೆಂದು ಉಮ್ಮ ಹೇಳಿಬಿಟ್ಟರು, ಕೊನೆಗೆ ಅವನೇ ಆದ. 'ಅಷ್ಟು ಒಳ್ಳೆಯವನ ಹಾಗೆ ಮಾತನಾಡುವವನು ಬೇರೆ ಎಂಥ ಮಾಡಲಿಕ್ಕೆ ಉಂಟು' ಎಂದರು.

ಕೊನೆಗೆ ನಾವು ಬಾವುಟಗುಡ್ಡೆಯ ಗ್ರಂಥಾಲಯಕ್ಕೆ ಹೋದೆವು. ಮಂಗಳೂರಿನಲ್ಲೇ ಹುಟ್ಟಿ ಬೆಳೆದು ಆ ಗುಡ್ಡೆಯ ದಾರಿಯಲ್ಲಿ ಸಾವಿರ ಸಲ ಬಸ್ಸಿನಲ್ಲಿ ಹೋದವರು ನಾವು, ಒಳಗೆ ಕಾಲಿಟ್ಟದ್ದು ಎಷ್ಟು ಸಲ ಎಂದು ಕೇಳಬೇಡಿ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ದಂಡೆತ್ತಿ ಬಂದ ರೈತರು ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ಗುಡ್ಡೆ ಅದು. ನಮಗೆ ಮಾತ್ರ ಪುಸ್ತಕ ಎಂದರೆ ಶರಾವತಿ ಕಟ್ಟಡದ ಅತ್ರಿ ಬುಕ್ ಸೆಂಟರ್ ಇದ್ದ ಕಾಲದ ನೆನಪು. 1975ರಿಂದ 2012ರ ತನಕ ನಡೆದ ಅಂಗಡಿ. ಅಲ್ಲಿ ನಾವು ಕೊಂಡದ್ದಕ್ಕಿಂತ ನಿಂತು ಓದಿದ್ದೇ ಜಾಸ್ತಿ.

ಗ್ರಂಥಾಲಯದಿಂದ ತಂದದ್ದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಎಂಬತ್ತರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ಸಾರಾ ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮುಸ್ಲಿಂ ಹುಡುಗಿಯರು ಹೈಸ್ಕೂಲ್ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡ ಕಲಿತು, ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ನಲವತ್ತು ದಾಟಿದ ಮೇಲೆ ಕಾದಂಬರಿ ಬರೆದವರು. ನಮ್ಮ ಮಂಗಳೂರಿನಲ್ಲೇ ಇದ್ದು, 2023ರ ಜನವರಿ 10ರಂದು ತೀರಿಕೊಂಡರು. ಅವರ ಹೆಸರು ಕೇಳದ ಬ್ಯಾರಿ ಮನೆ ಇಲ್ಲ. ಅವರ ಪುಸ್ತಕ ಇರುವ ಮನೆ ಎಷ್ಟು ಎಂದು ಕೇಳಿದರೆ ನಾವೂ ತಲೆ ತಗ್ಗಿಸಬೇಕು.

ಕನ್ನಡದಲ್ಲಿ ಓದುವುದು, ಕೂಡಲೇ ಬ್ಯಾರಿಯಲ್ಲಿ ಹೇಳುವುದು ಎಂದು ನಿಶ್ಚಯ ಮಾಡಿದೆವು. ಮೊದಲ ದಿನ ಹೆದರಿಕೆ ಇತ್ತು. ಆದರೆ ಮಾತುಕತೆ ಬಂದ ಕಡೆಯೆಲ್ಲ ನಾಲಗೆ ತಾನಾಗಿ ಓಡಿತು. ಆಲೋಚಿಸಿದರೆ ಹೌದಲ್ಲ, ಆ ನಾದಿರಾ, ಅವಳ ಉಮ್ಮ, ಆ ಮನೆಯ ಹೆಂಗಸರು ನಿಜವಾಗಿ ಇದ್ದಿದ್ದರೆ ಕನ್ನಡದಲ್ಲಿ ಜಗಳ ಮಾಡುತ್ತಿದ್ದರಾ? ನಾವು ಭಾಷಾಂತರ ಮಾಡುತ್ತಿರಲಿಲ್ಲ, ಅವರನ್ನು ಮನೆಗೆ ವಾಪಸು ಕರೆದುಕೊಂಡು ಬರುತ್ತಿದ್ದೆವು ಅಷ್ಟೆ.

ಎರಡನೆಯ ಆದಿತ್ಯವಾರಕ್ಕೆ ಪಕ್ಕದ ಮನೆಯ ಇಬ್ಬರು ಬಂದು ಕುಳಿತರು. ಮೂರನೆಯ ವಾರ ಒಬ್ಬರು ಗುಳಿಯಪ್ಪ ಮಾಡಿ ತಂದರು. ಓದು ಎನ್ನುವುದು ಸುಲೈಮಾನಿ ಚಾ, ತಿಂಡಿ, ನಡುವೆ ನಡುವೆ ಉಮ್ಮನ ತೀರ್ಪು ಎಲ್ಲ ಸೇರಿದ ಒಂದು ಸಂಗತಿಯಾಯಿತು. ನಾದಿರಾಳ ಗಂಡ ರಶೀದ್ ಉಮ್ಮನಿಗೆ ಇಷ್ಟವಾದ, ಆದರೆ 'ಸ್ವಲ್ಪ ಮೆತ್ತಗಿನವ'. ಅಳಿಯನ ಮೇಲಿನ ಸಿಟ್ಟಿಗೆ ಮಗಳನ್ನು ಮನೆಯಲ್ಲಿ ಕೂರಿಸಿಕೊಂಡ ಅಪ್ಪ ಮಹಮ್ಮದ್ ಖಾನನ ಹೆಸರು ಬಂದಾಗಲೆಲ್ಲ ನಾಲ್ಕು ಜನ ಹೆಂಗಸರು ಒಟ್ಟಿಗೆ ಶಾಪ ಹಾಕುತ್ತಿದ್ದರು. ಒಳಗೆ ಮಲಗಿದ್ದ ಗಂಡಸರು ತಮಗೇ ಬೈದರೆಂದು ಎದ್ದು ಬಂದು ನೋಡಿದ್ದೂ ಉಂಟು. ಹಾಗೆ ಬಂದ ತಮ್ಮ ಬಾಗಿಲಲ್ಲೇ ನಿಂತು ಕೇಳತೊಡಗಿದ, ಆಮೇಲೆ ಕುರ್ಚಿ ತಂದ.

ಕತೆ ಗೊತ್ತಿದ್ದವರಿಗೆ ಗೊತ್ತು, ಕೊನೆ ಕಷ್ಟದ್ದು. ಒಂದೇ ಉಸಿರಿನ ತಲಾಖ್, ಮತ್ತೆ ಗಂಡನ ಮನೆಗೆ ಹೋಗಬೇಕಾದರೆ ಇನ್ನೊಬ್ಬನ ಜೊತೆ ಒಂದು ರಾತ್ರಿಯ ಮದುವೆ, ಆ ರಾತ್ರಿ ಮಸೀದಿಯ ಕೊಳದಲ್ಲಿ ನಾದಿರಾ. ನಾವು ಅದನ್ನು ಓದಿ ಮುಗಿಸುವಾಗ ಅಸರ್ ಬಾಂಗ್ ಆಯಿತು. ಯಾರೂ ಏಳಲಿಲ್ಲ.

ತಮ್ಮನೇ ಮೊದಲು ಮಾತನಾಡಿದ. 'ಈಗ ಹಾಗೆಲ್ಲ ಇಲ್ಲ ಉಮ್ಮಾ. 2017ರಲ್ಲಿ ಸುಪ್ರೀಂ ಕೋರ್ಟ್ ಆ ಮೂರು ತಲಾಖನ್ನು ಇಲ್ಲವಾಗಿಸಿತು. 2019ರಲ್ಲಿ ಕಾನೂನೂ ಬಂತು.'

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಪ್ಪನೇ ಮಗಳನ್ನು ಕರೆದುಕೊಂಡು ಬಂದು ಬಾಗಿಲು ಹಾಕಿಕೊಂಡರೆ ಯಾವ ಕೋರ್ಟು ಉಂಟು ಮೋನೆ?' ಎಂದರು.

ಆಮೇಲೆ ಹೇಳಿದ್ದು ನಮ್ಮದೇ ಮನೆಯ ಕತೆ. ಉಮ್ಮನ ಚಿಕ್ಕಮ್ಮ ಒಬ್ಬರಿದ್ದರು. ನಾವು ಸಣ್ಣವರಿದ್ದಾಗ ಹಿಂದಿನ ಕೋಣೆಯಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದವರು. ಅಷ್ಟು ಬೇಗ ಬೀಡಿ ಸುತ್ತುವ ಕೈಯನ್ನು ನಾವು ಬೇರೆ ಕಂಡಿಲ್ಲ. ಕಟ್ಟು ಕಟ್ಟಿದ ಮೇಲೆ ನಮಗೆ ಒಂದೊಂದು ಪೆಪ್ಪರ್‌ಮಿಂಟ್. ಅವರನ್ನು ಗಂಡ ಬಿಟ್ಟುಹೋದ ಎಂದೇ ನಮಗೆ ಹೇಳಿದ್ದರು. ಮದುವೆ ಮನೆಗಳಲ್ಲಿ ಅವರು ಎದುರು ಬಾರದೆ ಅಡಿಗೆಯ ಕಡೆಯೇ ಇರುತ್ತಿದ್ದದ್ದೂ ಅದಕ್ಕೇ ಎಂದು ನಾವು ತಿಳಿದಿದ್ದೆವು.

'ಬಿಡಲಿಲ್ಲ ಅವನು' ಎಂದರು ಉಮ್ಮ. 'ಒಂದು ಜಾಗದ ಗಡಿಯ ಮಾತಿಗೆ ನನ್ನ ಅಜ್ಜನಿಗೂ ಅವನಿಗೂ ಜಗಳ ಆಯಿತು. ಅಜ್ಜ ಹೋಗಿ ಮಗಳನ್ನು ಕರೆದುಕೊಂಡು ಬಂದರು. ಅವನು ಎರಡು ಮಳೆಗಾಲ ಪ್ರತಿ ಶುಕ್ರವಾರ ಜುಮಾ ಮುಗಿಸಿ ನಮ್ಮ ಬೇಲಿಯ ಹೊರಗೆ ಬಂದು ನಿಲ್ಲುತ್ತಿದ್ದ. ನಾನು ನೋಡಿದ್ದೇನೆ, ಕೊಡೆ ಹಿಡಿದುಕೊಂಡು. ಒಳಗೆ ಬಾ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಮೇಲೆ ಕಾಗದ ಬರೆಸಿದರು. ಊರಿಗೆ ಅವನೇ ಬಿಟ್ಟ ಎಂದು ಹೇಳಿದ್ದು ನಾವು.'

ಆ ಅಜ್ಜನ ಬಗ್ಗೆ ನಮ್ಮ ಮನೆಯಲ್ಲಿ ಒಳ್ಳೆಯ ಮಾತೇ ಇರುವುದು. ಬಾವಿ ತೋಡಿಸಿದವರು, ಮಸೀದಿಗೆ ಜಾಗ ಕೊಟ್ಟವರು. ಅದೂ ಸುಳ್ಳಲ್ಲ. ಪೆಪ್ಪರ್‌ಮಿಂಟ್ ಕೊಡುತ್ತಿದ್ದ ಕೈ ನಮಗೆ ಆ ದಿನ ಬೇರೆಯಾಗಿ ನೆನಪಾಯಿತು.

ಮುಂದಿನ ಆದಿತ್ಯವಾರ ಓದು ಇರಲಿಲ್ಲ. ಅದರ ಮುಂದಿನ ವಾರ ಉಮ್ಮ ಕೇಳಿದರು, 'ಈ ಚಂದ್ರಗಿರಿ ಎಷ್ಟು ದೂರ?'

ದೂರ ಎಂಥದ್ದೂ ಇಲ್ಲ. ಮಂಗಳೂರು ಸೆಂಟ್ರಲ್‌ನಿಂದ ಕಾಸರಗೋಡು 46 ಕಿಲೋಮೀಟರ್. ನಮ್ಮ ಸ್ಟೇಷನಿಗೆ ರೈಲು ಬಂದದ್ದೇ 1907ರಲ್ಲಿ ಆ ದಿಕ್ಕಿನಿಂದ. ಉಮ್ಮ ಹುಟ್ಟುವಾಗ ಕಾಸರಗೋಡು ನಮ್ಮದೇ ಜಿಲ್ಲೆ, 1956ರ ನವೆಂಬರ್ 1ರಿಂದ ಕೇರಳ. ಹೀಗೆ ಬೀಚಿಗೂ ಹೋಗದ ನಮ್ಮ ಮನೆ, ಒಂದು ಕಾದಂಬರಿಯ ನೆಪದಲ್ಲಿ, ಒಂಬತ್ತು ಜನ, ಬೆಳಗ್ಗಿನ ರೈಲಿಗೆ ಹೊರಟಿತು. ಒಂದು ಗಂಟೆಯ ದಾರಿಗೆ ಎರಡು ಬುತ್ತಿ ಪತ್ತಿರ್, ಕೋಳಿ ಸಾರು, ಬಾಳೆಹಣ್ಣಿನ ಗೊನೆಯ ಅರ್ಧ. ತಮ್ಮ 'ನಾವು ಹಜ್ಜಿಗೆ ಹೋಗುವುದಾ' ಎಂದು ಕೇಳಿ ಬೈಗುಳ ತಿಂದ.

ಮಕ್ಕಳಿಗೆ ಹೊಳೆ ಎಣಿಸುವ ಕೆಲಸ ಕೊಟ್ಟೆವು, ಮೊಬೈಲ್ ಒಳಗಿಡಬೇಕೆಂಬ ಷರತ್ತಿನ ಮೇಲೆ. ನೇತ್ರಾವತಿ ಸುಲಭ, ಅಷ್ಟುದ್ದದ ಸೇತುವೆ. ಆಮೇಲೆ ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್. ಕಾಸರಗೋಡು ಜಿಲ್ಲೆಗೆ 12 ನದಿ ಎನ್ನುತ್ತಾರೆ. ಇಳಿಯುವಾಗ ಒಬ್ಬನ ಲೆಕ್ಕದಲ್ಲಿ ಐದು, ಇನ್ನೊಬ್ಬಳ ಲೆಕ್ಕದಲ್ಲಿ ಒಂಬತ್ತು. ಗದ್ದೆಯಲ್ಲಿ ನಿಂತ ನೀರನ್ನೂ ಅವಳು ಎಣಿಸಿದ್ದಳು.

ಸ್ಟೇಷನಿನಿಂದ ರಿಕ್ಷಾದಲ್ಲಿ ತಳಂಗರೆಗೆ ಹೋಗಿ ಮೊದಲು ಮಾಲಿಕ್ ದೀನಾರ್ ಮಸೀದಿಯ ಝಿಯಾರತ್. ನಮ್ಮ ಬಂದರಿನ ಝೀನತ್ ಬಕ್ಷ್ ಮಸೀದಿಯ ಪರಂಪರೆಯೂ ಅವರ ತಂಡಕ್ಕೇ ಸೇರುತ್ತದೆ ಎಂಬುದು ಹಿರಿಯರ ಮಾತು, ಹಾಗಾಗಿ ಉಮ್ಮನಿಗೆ ಅದು ಬೇರೆ ಊರಲ್ಲ. ತಳಂಗರೆಯ ಟೋಪಿಗೆ ಹೆಸರು ಉಂಟಲ್ಲ, ಗಂಡಸರೆಲ್ಲ ಟೋಪಿ ನೋಡಲಿಕ್ಕೆ ಹೋದರು. ಸೀರೆ ಅಂಗಡಿಯಲ್ಲಿ ನಾವು ತಡ ಮಾಡುತ್ತೇವೆ ಎಂದು ಹೇಳುವವರು ಒಂದು ಟೋಪಿಗೆ ಮುಕ್ಕಾಲು ಗಂಟೆ ತೆಗೆದುಕೊಂಡರು.

ಅಷ್ಟರಲ್ಲಿ ನಾವು ಹೊಳೆಯ ಬದಿಗೆ ಹೋಗಿದ್ದೆವು. ಅಗಲವಾದ ನೀರು, ತೆಂಗಿನ ಸಾಲು, ಮೇಲೆ ಹೋದರೆ ಆಚೆ ದಡದಲ್ಲಿ ಬಿದನೂರಿನ ಶಿವಪ್ಪ ನಾಯಕನ ಕಾಲದ ಕೋಟೆ. ಸುಳ್ಯದಲ್ಲಿ ಹರಿಯುವ ಪಯಸ್ವಿನಿಯೇ ಇಲ್ಲಿ ಚಂದ್ರಗಿರಿ ಎಂದು ನಾವು ಹೇಳಿದೆವು. 'ಹಾಗಾದರೆ ನಮ್ಮ ಕಡೆಯ ನೀರೇ' ಎಂದು ಉಮ್ಮ ಮರದ ನೆರಳಿನಲ್ಲಿ ಕುಳಿತರು. ಕಪ್ಪು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಎತ್ತಿ ಫಾತಿಹಾ ಓದಿದರು.

ಟೋಪಿ ಇಟ್ಟುಕೊಂಡು ಬಂದ ತಮ್ಮನಿಗೆ ಸುಮ್ಮನಿರಲು ಆಗಬೇಕಲ್ಲ. 'ನಾದಿರಾ ಕತೆಯಲ್ಲಿ ಇರುವವಳು ಉಮ್ಮಾ. ಅವಳಿಗೆ ಫಾತಿಹಾ ಸಲ್ಲುತ್ತದಾ?'

'ಅವಳಿಗೆ ಎಂದು ಯಾರು ಹೇಳಿದರು ನಿನಗೆ' ಎಂದರು ಉಮ್ಮ. ಮುಖ ತಿರುಗಿಸದೆ, 'ಪತ್ತಿರ್ ಬಿಚ್ಚಿ, ಮಕ್ಕಳಿಗೆ ಹಸಿವಾಗಿದೆ' ಎಂದು ನಮಗೆ ಹೇಳಿದರು.

ವಾಪಸು ಬರುವಾಗ ರೈಲಿನಲ್ಲಿ ಸೀಟು ಸಿಗಲಿಲ್ಲ. ಉಮ್ಮನಿಗೊಂದು ಸಿಕ್ಕಿತು, ಉಳಿದವರು ಉಳ್ಳಾಲದ ತನಕ ನಿಂತೇ ಬಂದೆವು. ನೇತ್ರಾವತಿ ಸೇತುವೆಯ ಮೇಲೆ ಉಮ್ಮ ನಮ್ಮನ್ನು ಹತ್ತಿರ ಕರೆದು, ಮುಂದಿನ ವಾರಕ್ಕೆ ಪುಸ್ತಕ ತರುವಾಗ ಯಾರೂ ಸಾಯದ್ದು ತನ್ನಿ ಎಂದರು.

ಅದನ್ನೇ ಈಗ ಹುಡುಕುತ್ತಿದ್ದೇವೆ. ಬೊಳುವಾರು ಮಹಮದ್ ಕುಂಞಿ ಅವರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ಸ್ವಾತಂತ್ರ್ಯದ ಓಟ' ತೋರಿಸಿದೆವು. ಸಾವಿರಕ್ಕೂ ಹೆಚ್ಚು ಪುಟ. ಉಮ್ಮ ಕೈಯಲ್ಲಿ ತೂಗಿ ನೋಡಿ, 'ಇದು ಮುಗಿಯುವುದರೊಳಗೆ ಸಾಯುವುದು ನಾನು' ಎಂದು ನಗಾಡಿದರು. ಆದರೂ ವಾಪಸು ಕೊಡಲು ಬಿಡಲಿಲ್ಲ, ಕಪಾಟಿನ ಮೇಲೆ ಮಾಲೆಯ ಕಿತಾಬಿನ ಪಕ್ಕದಲ್ಲಿ ಇಡಿಸಿದ್ದಾರೆ. ಕಣ್ಣು ಈಗ ಸರಿಯಾಗಿದೆ, ಮಗ್ರಿಬ್ ಆದ ಮೇಲೆ ಮಾಲೆ ಮತ್ತೆ ಶುರುವಾಗಿದೆ. ಆ ಹೆಚ್ಚಿನ ಚುಕ್ಕಿಯ ಅಕ್ಷರಗಳನ್ನು ನಮ್ಮ ಮನೆಯ ಒಂಬತ್ತು ಹೊಳೆಯ ಹುಡುಗಿ ಉಮ್ಮನ ಪಕ್ಕ ಕುಳಿತು ಕಲಿಯುತ್ತಿದ್ದಾಳೆ. ಸದ್ಯಕ್ಕೆ ಚ ಮತ್ತು ಪ ಆಗಿದೆ.