ಊರಿಗೇ ಬಂದು ಉತ್ತರ ಕೊಡುವ ಇತಿಹಾಸ

2022ರ ಆಗಸ್ಟ್ 12ರಂದು ಕಾದಂಬರಿಕಾರ ಸಲ್ಮಾನ್ ರಶ್ದಿ ಅವರನ್ನು ವೇದಿಕೆಯ ಮೇಲೇ ಇರಿದಾಗ ‘ಷಟಾಕ್ವಾ’ ಎಂಬ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿತು. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಅದೇ ಹೆಸರಿನ ಸರೋವರದ ದಂಡೆಯ ಮೇಲಿರುವ ಸಂಸ್ಥೆ ಅದು. ಬೆದರಿಕೆಗೆ ಸಿಕ್ಕಿ ನೆಲೆ ತಪ್ಪಿದ ಲೇಖಕರಿಗೆ ಅಮೆರಿಕ ಆಶ್ರಯವಾಗುವ ಬಗ್ಗೆ ರಶ್ದಿ ಅಂದು ಮಾತನಾಡಬೇಕಿತ್ತು. ದಾಳಿಯ ಸುದ್ದಿಯಲ್ಲಿ ಆ ವೇದಿಕೆಯ ಕಥೆ ಮರೆಯಾಯಿತು. ವಿದ್ವಾಂಸರು ವಿಶ್ವವಿದ್ಯಾಲಯದ ಗೇಟು ದಾಟಿ ಸಣ್ಣ ಊರುಗಳಿಗೆ ಹೋಗುವ, ಹೋಗಿ ಅಲ್ಲಿನ ಜನರ ಪ್ರಶ್ನೆಗೆ ಎದುರು ನಿಲ್ಲುವ ದೊಡ್ಡ ಪರಂಪರೆಯೊಂದು ಅಲ್ಲಿಂದ ಹೊರಟಿದೆ.

ಸರೋವರದ ದಡದಿಂದ ಡೇರೆಗೆ

1874ರ ಬೇಸಿಗೆಯಲ್ಲಿ ಮೆಥಡಿಸ್ಟ್ ಪಾದ್ರಿ ಜಾನ್ ವಿನ್ಸೆಂಟ್ ಮತ್ತು ಒಹಾಯೊದ ಉದ್ಯಮಿ ಲೂಯಿಸ್ ಮಿಲ್ಲರ್ ಸೇರಿ ಇಲ್ಲಿ ‘ಸಂಡೇ ಸ್ಕೂಲ್’ ಶಿಕ್ಷಕರಿಗೆ ಶಿಬಿರ ಏರ್ಪಡಿಸಿದರು. ಬೈಬಲ್ ಪಾಠಕ್ಕೆಂದು ಕೂಡಿದ ಶಿಬಿರ ಕೆಲವೇ ವರ್ಷಗಳಲ್ಲಿ ಸಾಹಿತ್ಯ, ವಿಜ್ಞಾನ, ಸಂಗೀತಗಳಿಗೂ ಬಾಗಿಲು ತೆರೆಯಿತು. 1878ರಲ್ಲಿ ನಾಲ್ಕು ವರ್ಷಗಳ ಓದಿನ ಕೂಟವೊಂದನ್ನು ವಿನ್ಸೆಂಟ್ ಆರಂಭಿಸಿದರು. ಕಾಲೇಜಿನ ಮೆಟ್ಟಿಲು ಹತ್ತಲಾಗದವರು, ಅವರಲ್ಲೂ ಮುಖ್ಯವಾಗಿ ಹೆಂಗಸರು, ಮನೆಯಲ್ಲೇ ಓದಿ, ಊರಿನಲ್ಲೇ ಕೂಡಿ ಚರ್ಚಿಸಿದರು.

ಊರೂರಿಗೆ ಹೋಗಿ ಭಾಷಣ ಮಾಡುವ ರೂಢಿ ಅಮೆರಿಕಕ್ಕೆ ಹೊಸದಲ್ಲ. ‘ಲೈಸಿಯಂ’ ಎಂಬ ಉಪನ್ಯಾಸ ಚಳವಳಿ 1826ರಲ್ಲೇ ಶುರುವಾಗಿತ್ತು. ಷಿಕಾಗೋದ ಸರ್ವಧರ್ಮ ಸಮ್ಮೇಳನದ ಬಳಿಕ ಸ್ವಾಮಿ ವಿವೇಕಾನಂದರು ಇಂಥದೇ ಒಂದು ಲೈಸಿಯಂ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿನ ನಗರಗಳಲ್ಲಿ ಸುತ್ತಿ ಮಾತನಾಡಿದ್ದರು.

1904ರಲ್ಲಿ ಕೀತ್ ವಾಟರ್ ಎಂಬ ಉಪನ್ಯಾಸ ವ್ಯವಸ್ಥಾಪಕ ಷಟಾಕ್ವಾದ ಹೆಸರನ್ನು ಡೇರೆಯೊಳಗೆ ತಂದ. ಒಂದು ಊರಿನಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಂತೆ ಮುಂದಿನ ಊರಿನಲ್ಲಿ ಇನ್ನೊಂದು ಡೇರೆ ಏಳುತ್ತಿತ್ತು. ಭಾಷಣಕಾರರು, ಸಂಗೀತಗಾರರು ರೈಲು ಹತ್ತಿ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದರು. ಊರಿನ ಪ್ರಮುಖರು ಮೊದಲೇ ಕರಾರಿಗೆ ಸಹಿ ಹಾಕಬೇಕು. ಟಿಕೆಟ್ ಮಾರಾಟ ಕಡಿಮೆ ಬಿದ್ದರೆ ಕೈಯಿಂದ ತುಂಬಿಕೊಡಬೇಕು. ಮೂರು ಬಾರಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತ ವಿಲಿಯಂ ಜೆನಿಂಗ್ಸ್ ಬ್ರಯಾನ್ ಈ ಡೇರೆಗಳ ಬಹು ಬೇಡಿಕೆಯ ವಾಗ್ಮಿ. ಸಂಪತ್ತು ಗಳಿಸುವುದು ಕರ್ತವ್ಯ ಎಂದು ಸಾರುವ ಒಂದೇ ಭಾಷಣವನ್ನು ರಸೆಲ್ ಕಾನ್‌ವೆಲ್ 6,000ಕ್ಕೂ ಹೆಚ್ಚು ಸಲ ಮಾಡಿದರೆಂಬುದು ಪ್ರಸಿದ್ಧ. ಮಾತೆಲ್ಲವೂ ತೂಕದ್ದಾಗಿರಲಿಲ್ಲ, ನಿಜ. ಆದರೆ ಹೊಲಗದ್ದೆಗಳ ನಡುವಿನ ಊರು ತನ್ನ ದುಡ್ಡಿನಲ್ಲಿ, ತನ್ನ ಹೊಣೆಯಲ್ಲಿ ವಾರದಷ್ಟು ಕಾಲ ವಿಚಾರಕ್ಕೆ ಕಿವಿಗೊಡುತ್ತಿತ್ತು. 1920ರ ದಶಕದ ನಡುವೆ ಶಿಖರ ಮುಟ್ಟಿದ ಈ ಸಂಚಾರವನ್ನು ರೇಡಿಯೊ, ಸಿನಿಮಾ, ಮೋಟಾರು ಕಾರು, ಕೊನೆಗೆ ಆರ್ಥಿಕ ಮಹಾಕುಸಿತ ಸೇರಿ ಮುಗಿಸಿದವು. ಸರೋವರದ ದಡದ ಮೂಲ ಸಂಸ್ಥೆ ಮಾತ್ರ ಉಳಿಯಿತು.

ವೇಷ ಕಟ್ಟಿದ ವಿದ್ವಾಂಸ

ಡೇರೆ ಮತ್ತೆ ಎದ್ದದ್ದು 1976ರಲ್ಲಿ, ನಾರ್ತ್ ಡಕೋಟದಲ್ಲಿ. 1965ರಲ್ಲಿ ಅಮೆರಿಕ ಸರ್ಕಾರ ಮಾನವಿಕಗಳಿಗಾಗಿ ರಾಷ್ಟ್ರೀಯ ದತ್ತಿಯೊಂದನ್ನು ಸ್ಥಾಪಿಸಿತ್ತು. ಅದರ ನೆರವಿನಿಂದ ರಾಜ್ಯ ರಾಜ್ಯಗಳಲ್ಲಿ ಮಾನವಿಕ ಮಂಡಳಿಗಳು ಹುಟ್ಟಿದ್ದವು. ನಾರ್ತ್ ಡಕೋಟ ಮಂಡಳಿಯ ಎವರೆಟ್ ಆಲ್ಬರ್ಸ್ ಹಳೆಯ ಡೇರೆಗೆ ಹೊಸ ಜೀವ ಕೊಟ್ಟರು. ಅದರೊಳಗೆ ಬೆಳೆದ ಪ್ರಯೋಗದಲ್ಲಿ ಇತಿಹಾಸದ ವ್ಯಕ್ತಿಯ ಬಗ್ಗೆ ಉಪನ್ಯಾಸ ಕೊಡುವ ಬದಲು ವಿದ್ವಾಂಸ ಆ ವ್ಯಕ್ತಿಯಾಗಿಯೇ ಬರುತ್ತಾನೆ.

ಈ ಪ್ರದರ್ಶನಕ್ಕೆ ಮೂರು ಘಟ್ಟ. ಮೊದಲು ಸುಮಾರು ಅರ್ಧ ಗಂಟೆ, ಮುಕ್ಕಾಲು ಗಂಟೆ, ಪಾತ್ರದ ಮಾತು. ಆಮೇಲೆ ಸಭಿಕರು ಪಾತ್ರವನ್ನೇ ಪ್ರಶ್ನಿಸುತ್ತಾರೆ. ಆ ವ್ಯಕ್ತಿಗೆ ಅವನ ಕಾಲದಲ್ಲಿ ತಿಳಿದಿದ್ದಷ್ಟರಲ್ಲೇ ಉತ್ತರ ಬರಬೇಕು. ಕೊನೆಗೆ ವಿದ್ವಾಂಸ ಪಾತ್ರದಿಂದ ಹೊರಬಂದು ತಾನಾಗಿ ನಿಲ್ಲುತ್ತಾನೆ, ಮತ್ತೆ ಪ್ರಶ್ನೆಗಳನ್ನು ಎದುರಿಸುತ್ತಾನೆ. ಬಾಯಿಪಾಠದ ಮಾತು ಮೊದಲ ಘಟ್ಟಕ್ಕೆ ಸಾಕಾದೀತು. ಉಳಿದೆರಡಕ್ಕೆ ವರ್ಷಗಟ್ಟಲೆಯ ಓದು ಬೇಕು. ಮೊದಲೇ ಬರೆದಿಡದ ಮಾತಿನಲ್ಲಿ ಕರ್ಣನಾಗಿ, ಕೃಷ್ಣನಾಗಿ ವಾದಿಸುವ ನಮ್ಮ ತಾಳಮದ್ದಳೆಯ ಅರ್ಥಧಾರಿಯನ್ನು ಬಲ್ಲವರಿಗೆ ಇದರ ಕಷ್ಟವೂ ಸೊಗಸೂ ಕೂಡಲೇ ಅರ್ಥವಾಗುತ್ತದೆ. ಇಲ್ಲಿ ಎದುರು ಅರ್ಥ ಹೇಳುವವರು ಊರಿನ ಜನ.

ಥಾಮಸ್ ಜೆಫರ್ಸನ್ ಪಾತ್ರವನ್ನೇ ನೋಡಿ. ನಾರ್ತ್ ಡಕೋಟದವರೇ ಆದ ಕ್ಲೇ ಜೆಂಕಿನ್ಸನ್ ಇದಕ್ಕೆ ಹೆಸರಾದವರು. ಎಲ್ಲರೂ ಸಮಾನರು ಎಂದು 1776ರಲ್ಲಿ ಬರೆದ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ. ಅವರಲ್ಲೊಬ್ಬಳಾದ ಸ್ಯಾಲಿ ಹೆಮಿಂಗ್ಸ್ ಜೊತೆಗಿನ ಸಂಬಂಧ 1802ರಲ್ಲಿ ಪತ್ರಿಕೆಯಲ್ಲಿ ಬಯಲಾದಾಗಲೂ ಆತ ಸಾರ್ವಜನಿಕವಾಗಿ ಉತ್ತರಿಸಲಿಲ್ಲ. ಹಾಗಾಗಿ ಸಭಿಕರು ಆಕೆಯ ಬಗ್ಗೆ ಕೇಳಿದರೆ ಪಾತ್ರ ಜಾರಿಕೊಳ್ಳಲೇಬೇಕು. ಅದೇ ಚರಿತ್ರೆಗೆ ನಿಷ್ಠೆ. ಪಾತ್ರ ಕಳಚಿದ ಮೇಲೆ ವಿದ್ವಾಂಸ ಹಾಗೆ ಜಾರಿಕೊಳ್ಳುವಂತಿಲ್ಲ. ಜೆಫರ್ಸನ್ ವಂಶದ ಗಂಡಸೊಬ್ಬ ಆಕೆಯ ಕಿರಿಯ ಮಗನ ತಂದೆ ಎಂದು 1998ರ ಡಿಎನ್‌ಎ ಪರೀಕ್ಷೆ ತೋರಿಸಿದ್ದನ್ನು, ದಾಖಲೆಗಳೊಡನೆ ಅದನ್ನಿಟ್ಟು ನೋಡಿ ಆ ತಂದೆ ಜೆಫರ್ಸನ್ನೇ ಎಂದು ಬಹುಪಾಲು ಇತಿಹಾಸಕಾರರು ಒಪ್ಪಿದ್ದನ್ನು ಹೇಳಬೇಕು. ಮಹಾಪುರುಷ ಹೇಗೆ ಮೌನವಾಗಿದ್ದ, ಆ ಮೌನವನ್ನು ನಂತರದ ಕಾಲ ಹೇಗೆ ಬಿಡಿಸಿ ನೋಡಿತು ಎಂಬ ಎರಡೂ ಒಂದೇ ಸಂಜೆಯಲ್ಲಿ ಜನರ ಮುಂದೆ ಬರುತ್ತವೆ. ವೇಷದ ಮೋಹವನ್ನು ತಾನೇ ಮುರಿಯುವ ಈ ಮೂರನೆಯ ಘಟ್ಟವೇ ಷಟಾಕ್ವಾದ ಪ್ರಾಣ.

ನಾರ್ತ್ ಡಕೋಟದ ಮಾದರಿ ಬೇರೆ ರಾಜ್ಯಗಳಿಗೂ ಹಬ್ಬಿತು. ಕೊಲರಾಡೊದ ಗ್ರೀಲಿ, ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್ ಊರುಗಳಲ್ಲಿ ಇದು ಹಬ್ಬವಾಗಿ ಬೆಳೆದಿದೆ. ಡೇರೆ ಇಲ್ಲದ ಕಾಲದಲ್ಲೂ ಮಾನವಿಕ ಮಂಡಳಿಗಳ ಉಪನ್ಯಾಸ ಯೋಜನೆಗಳು ಇದೇ ಕೆಲಸ ಮಾಡುತ್ತವೆ. ಮಂಡಳಿ ವಿದ್ವಾಂಸರ, ವಿಷಯಗಳ ಪಟ್ಟಿ ಇಟ್ಟಿರುತ್ತದೆ. ಊರಿನ ಗ್ರಂಥಾಲಯವೋ ಸ್ಥಳೀಯ ಇತಿಹಾಸ ಸಂಘವೋ ಬೇಕಾದವರನ್ನು ಆರಿಸಿ ಅರ್ಜಿ ಹಾಕುತ್ತದೆ. ಸಂಭಾವನೆಯ ಬಹುಭಾಗವನ್ನು ಮಂಡಳಿ ಭರಿಸುವುದರಿಂದ ಜನರಿಗೆ ಪ್ರವೇಶ ಉಚಿತ.

ಈ ವ್ಯವಸ್ಥೆಯ ಬುಡವೇ 2025ರ ಏಪ್ರಿಲ್‌ನಲ್ಲಿ ಅಲುಗಾಡಿತು. ಕೇಂದ್ರ ದತ್ತಿ ರಾಜ್ಯ ಮಂಡಳಿಗಳ ಅನುದಾನವನ್ನು ದಿಢೀರನೆ ರದ್ದು ಮಾಡಿತು. ಮೆಲನ್ ಪ್ರತಿಷ್ಠಾನ 1.5 ಕೋಟಿ ಡಾಲರ್ ತುರ್ತು ನೆರವು ನೀಡಿದರೂ ಅದು ಇಡೀ ಕೊರತೆ ತುಂಬುವ ಮೊತ್ತವಲ್ಲ. ಮಹಾನಗರದ ವಸ್ತುಸಂಗ್ರಹಾಲಯಕ್ಕೆ ಬೇರೆ ದಾನಿಗಳು ಸಿಗುತ್ತಾರೆ. ದೂರದ ಹಳ್ಳಿಯ ಗ್ರಂಥಾಲಯಕ್ಕೆ ಸಿಗುವುದಿಲ್ಲ.

ಹಳ್ಳಿಗೆ ವಿದ್ವಾಂಸರನ್ನು ಕಳಿಸುವ ಕನಸು ನಮಗೂ ಇತ್ತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ ಪ್ರಚಾರೋಪನ್ಯಾಸಗಳಿಂದ, ಅಗ್ಗದ ಕಿರುಹೊತ್ತಗೆಗಳಿಂದ ಅದನ್ನು ನನಸು ಮಾಡಲು ದುಡಿಯಿತು. ಇಂದು ನಮ್ಮಲ್ಲಿ ಜಯಂತಿಗಳಿಗೆ ಕೊರತೆ ಇಲ್ಲ. ಮಹನೀಯರನ್ನು ಹೊಗಳುವ ಭಾಷಣಗಳಿಗೂ ಇಲ್ಲ. ಭಾಷಣ ಮುಗಿದ ಕೂಡಲೇ ವಂದನಾರ್ಪಣೆ. ಅದಕ್ಕೆ ಮೊದಲು ಒಂದರ್ಧ ಗಂಟೆ ಜನರ ಪ್ರಶ್ನೆಗೆ ಮೀಸಲಿಟ್ಟು, ಬಂದ ವಿದ್ವಾಂಸರು ದಾಖಲೆ ಮುಂದಿಟ್ಟು ಉತ್ತರಿಸುವ ಪದ್ಧತಿ ತಾಲ್ಲೂಕು ಮಟ್ಟದಲ್ಲಿ ಬಂದರೆ ಸಾಕು. ಅದಕ್ಕೆ ಡೇರೆಯೂ ಬೇಡ, ವೇಷವೂ ಬೇಡ. ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ ಊರು ಇತಿಹಾಸವನ್ನು ಬರೀ ಪೂಜಿಸುವುದಿಲ್ಲ, ಅರಿತುಕೊಳ್ಳುತ್ತದೆ.