ಮೊಬೈಲ್ ಟವರ್, ಕೈಯಲ್ಲಿನ ಫೋನ್, ಹೊಲದ ಮೇಲಿನ ತಂತಿ: ವಿದ್ಯುತ್ಕಾಂತೀಯ ವಿಕಿರಣದ ಬಗ್ಗೆ ತಿಳಿದಿರಬೇಕಾದದ್ದು

ತೋಟದ ಪಕ್ಕದಲ್ಲಿ ಮೊಬೈಲ್ ಟವರ್ ನಿಂತ ಮೇಲೆ ತೆಂಗಿನ ಹರಳು ಉದುರತೊಡಗಿದೆ, ಪರಿಹಾರವೇನು ಎಂದು ಕೇಳಿಕೊಂಡು ಕೆಲವು ವರ್ಷಗಳ ಹಿಂದೆ ರೈತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಅವರು ಚೀಲದಲ್ಲಿ ತಂದಿದ್ದ ಎಳೆಗಾಯಿಗಳ ತೊಟ್ಟಿನ ಕೆಳಗೆ ತ್ರಿಕೋನಾಕಾರದ ಮಾಸಲು ಬಿಳಿ ಮಚ್ಚೆಗಳಿದ್ದವು. ಬಲಿತ ಕಾಯಿಗಳಲ್ಲಿ ಅದೇ ಮಚ್ಚೆ ಕಂದು ಬಣ್ಣಕ್ಕೆ ತಿರುಗಿ ಸಿಪ್ಪೆ ಬಿರಿದಿತ್ತು. ಅದು ನುಸಿ ಬಾಧೆ. ಟವರೇ ಕಾರಣವೆಂದು ನಂಬಿದ್ದರಿಂದ ಅವರು ಎರಡು ವರ್ಷ ಮರಗಳಿಗೆ ಗೊಬ್ಬರವನ್ನಾಗಲಿ, ಬೇರಿನ ಮೂಲಕ ಬೇವಿನ ಔಷಧಿಯನ್ನಾಗಲಿ ಕೊಟ್ಟಿರಲಿಲ್ಲ. ಟವರ್ ತೆಗೆಸಲು ಅರ್ಜಿಗಳನ್ನು ಮಾತ್ರ ಬರೆದಿದ್ದರು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕಿದ್ದರಿಂದ ಎರಡು ವರ್ಷದ ಫಸಲು ಹೋಗಿತ್ತು.

ವಿಕಿರಣವೆಂಬ ಪದವೇ ಭಯ ಹುಟ್ಟಿಸುತ್ತದೆ. ಆದರೆ ಬಿಸಿಲೂ ವಿಕಿರಣವೇ, ಒಲೆಯ ಮುಂದೆ ಕುಳಿತಾಗ ಮೈಗೆ ತಾಗುವ ಕಾವೂ ವಿಕಿರಣವೇ. ರೇಡಿಯೊ ತರಂಗ, ಸೂಕ್ಷ್ಮ ತರಂಗ, ಅವಕೆಂಪು ಕಿರಣ, ಬೆಳಕು, ನೇರಳಾತೀತ ಕಿರಣ, ಕ್ಷ-ಕಿರಣ, ಗಾಮಾ ಕಿರಣ ಇವೆಲ್ಲವೂ ಒಂದೇ ಕುಟುಂಬಕ್ಕೆ ಸೇರಿದವು. ಕಂಪನಾಂಕ ಏರಿದಂತೆ ಒಂದೊಂದು ಬೆಳಕಿನ ಕಣವು ಹೊತ್ತಿರುವ ಶಕ್ತಿಯೂ ಏರುತ್ತದೆ. ಕ್ಷ-ಕಿರಣ ಮತ್ತು ಗಾಮಾ ಕಿರಣಗಳಿಗೆ ವಂಶವಾಹಿಯನ್ನೇ ಬದಲಿಸುವ ಶಕ್ತಿಯಿದೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರವು ಈ ಶಕ್ತಿಯನ್ನು ಬಳಸಿಕೊಂಡೇ ಹಲವು ಶೇಂಗಾ ತಳಿಗಳನ್ನು ಅಭಿವೃದ್ಧಿಪಡಿಸಿದೆ. ಮೊಬೈಲ್ ಸೇವೆ ಬಹುಪಾಲು ನಡೆಯುವುದು 700ರಿಂದ 3,500 ಮೆಗಾಹರ್ಟ್ಸ್ ಕಂಪನಾಂಕದಲ್ಲಿ. ಇಲ್ಲಿ ಕಣವೊಂದರ ಶಕ್ತಿ ಸಾಧಾರಣ ಬೆಳಕಿನ ಕಣದ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ವಂಶವಾಹಿಯ ಬಂಧವನ್ನು ಮುರಿಯಲು ಅದು ಸಾಲದು. ಅದು ದೇಹದಲ್ಲಿ ಉಂಟುಮಾಡುವುದೆಂದು ಖಚಿತವಾಗಿ ಸ್ಥಾಪಿತವಾಗಿರುವ ಪರಿಣಾಮವೆಂದರೆ ಅಂಗಾಂಶವನ್ನು ಬಿಸಿಯಾಗಿಸುವುದು. ಸುರಕ್ಷತಾ ಮಿತಿಗಳೂ ಇದನ್ನೇ ಆಧರಿಸಿವೆ.

ಕೀಟನಾಶಕದಂತೆ ಇಲ್ಲಿಯೂ ಪ್ರಮಾಣವೇ ಮುಖ್ಯ, ಪ್ರಮಾಣವನ್ನು ನಿರ್ಧರಿಸುವುದು ದೂರ. ತರಂಗದ ಮೂಲದಿಂದ ದೂರ 10 ಪಟ್ಟು ಹೆಚ್ಚಿದರೆ ತೀವ್ರತೆ 100ನೇ ಒಂದು ಭಾಗಕ್ಕೆ ಇಳಿಯುತ್ತದೆ. ಟವರ್ ನೂರಾರು ಮೀಟರ್ ಆಚೆಗಿರುತ್ತದೆ. ಫೋನ್ ಕಿವಿಗೇ ಅಂಟಿಕೊಂಡಿರುತ್ತದೆ. ಆದ್ದರಿಂದ ಸಾಮಾನ್ಯವಾಗಿ ನಮ್ಮ ತಲೆಗೆ ತಲುಪುವ ತರಂಗಗಳಲ್ಲಿ ಹೆಚ್ಚಿನ ಪಾಲು ನಮ್ಮದೇ ಫೋನಿನದು. ಇದರಲ್ಲಿ ಅನೇಕರು ಗಮನಿಸದ ಸಂಗತಿಯೊಂದಿದೆ. ಸಿಗ್ನಲ್ ದುರ್ಬಲವಾಗಿರುವಲ್ಲಿ ಫೋನ್ ದೂರದ ಟವರನ್ನು ಮುಟ್ಟಲು ತನ್ನ ಶಕ್ತಿಯನ್ನು ಏರಿಸಿಕೊಳ್ಳುತ್ತದೆ, ಟವರ್ ಸಮೀಪವಿದ್ದರೆ ಇಳಿಸಿಕೊಳ್ಳುತ್ತದೆ. ಊರಿಗೆ ಟವರ್ ಬೇಡವೆಂದು ತಡೆದವರು ಒಂದೇ ಗೀಟಿನ ಸಿಗ್ನಲ್‌ನಲ್ಲಿ ಗಂಟೆಗಟ್ಟಲೆ ಮಾತನಾಡಿದರೆ ಹೆಚ್ಚು ತರಂಗಕ್ಕೆ ಒಡ್ಡಿಕೊಳ್ಳುವವರು ಅವರೇ.

ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಟವರ್ ತರಂಗಗಳ ಮಿತಿಯನ್ನು ಅಂತಾರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗಕ್ಕೆ ಇಳಿಸಲಾಗಿದೆ. 900 ಮೆಗಾಹರ್ಟ್ಸ್‌ಗೆ ಇದು ಪ್ರತಿ ಚದರ ಮೀಟರಿಗೆ 0.45 ವ್ಯಾಟ್. ಫೋನ್‌ಗಳಿಗೆ ಪ್ರತಿ ಕಿಲೋಗ್ರಾಂ ಅಂಗಾಂಶಕ್ಕೆ 1.6 ವ್ಯಾಟ್ ಮಿತಿಯಿದ್ದು, *#07# ಎಂದು ಒತ್ತಿದರೆ ಅನೇಕ ಫೋನ್‌ಗಳಲ್ಲಿ ಅದರ ಮೌಲ್ಯ ಕಾಣುತ್ತದೆ.

ಹಾಗಾದರೆ ಕ್ಯಾನ್ಸರ್? ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರಲ್ಲಿ ರೇಡಿಯೊ ತರಂಗಗಳನ್ನು 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯನ್ನು ಅಲ್ಲಗಳೆಯಲಾಗದ ವಸ್ತುಗಳ ಗುಂಪಿಗೆ ಸೇರಿಸಿತು. ವಾಟ್ಸ್‌ಆಪ್‌ನಲ್ಲಿ ಹರಿದಾಡುವುದು ಇಷ್ಟೇ ಮಾತು. ಅದೇ ಸಂಸ್ಥೆ ಬಿಸಿಲನ್ನು ಖಚಿತ ಕ್ಯಾನ್ಸರ್‌ಕಾರಕಗಳ 1ನೇ ಗುಂಪಿನಲ್ಲಿಯೂ, ನಾವು ಸಿಂಪಡಿಸುವ ಮೆಲಾಥಿಯಾನ್ ಮತ್ತು ಗ್ಲೈಫೋಸೇಟ್‌ಗಳನ್ನು 2015ರಲ್ಲಿ ಮೇಲಿನ 2ಎ ಗುಂಪಿನಲ್ಲಿಯೂ ಇಟ್ಟಿರುವುದು ಅಲ್ಲಿ ಬರುವುದಿಲ್ಲ. ಈ ಗುಂಪುಗಳು ಸಾಕ್ಷ್ಯ ಎಷ್ಟು ಬಲವಾಗಿದೆಯೆಂಬುದನ್ನು ಹೇಳುತ್ತವೆಯೇ ಹೊರತು ಅಪಾಯ ಎಷ್ಟು ದೊಡ್ಡದೆಂಬುದನ್ನಲ್ಲ. ಡೆನ್ಮಾರ್ಕಿನಲ್ಲಿ ಸುಮಾರು 4.2 ಲಕ್ಷ ಮೊಬೈಲ್ ಚಂದಾದಾರರನ್ನು ದೀರ್ಘಕಾಲ ಗಮನಿಸಿದಾಗ ಮೆದುಳಿನ ಗೆಡ್ಡೆ ಹೆಚ್ಚಿದ್ದು ಕಂಡುಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ಸಮೀಕ್ಷೆಯೂ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಆದರೂ ಮಕ್ಕಳು ದೀರ್ಘಕಾಲ ಫೋನನ್ನು ಕಿವಿಗೊತ್ತಿಕೊಂಡು ಮಾತನಾಡದಂತೆ ನೋಡಿಕೊಳ್ಳುವುದು ಲೇಸು. ಸ್ಪೀಕರ್ ಒತ್ತಿ ಒಂದಡಿ ದೂರ ಹಿಡಿಯುವುದಕ್ಕೆ ಖರ್ಚೇನೂ ಇಲ್ಲ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಫೋನನ್ನು ಅದರಿಂದ 15 ಸೆಂಟಿಮೀಟರಿಗಿಂತ ದೂರ, ಎದೆಯ ಜೇಬಿನ ಹೊರಗೆ ಇಟ್ಟುಕೊಳ್ಳಬೇಕು.

ಜೇನು ಕೃಷಿಕರ ಆತಂಕಕ್ಕೂ ಉತ್ತರಿಸಬೇಕು. 2010ರಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಸಂಶೋಧಕರು ಚಾಲೂ ಇರುವ ಫೋನ್‌ಗಳನ್ನು ಪೆಟ್ಟಿಗೆಯೊಳಗೇ ಇಟ್ಟು, ಕುಟುಂಬಗಳು ಕ್ಷೀಣಿಸಿದ್ದನ್ನು ವರದಿ ಮಾಡಿದರು. ಪ್ರಯೋಗಕ್ಕೆ ಬಳಸಿದ ಕುಟುಂಬಗಳು ಬೆರಳೆಣಿಕೆಯಷ್ಟು. ಪೆಟ್ಟಿಗೆಯೊಳಗಿನ ಫೋನಿಗೂ ದೂರದ ಟವರಿಗೂ ಹೋಲಿಕೆಯಿಲ್ಲ. ನಮ್ಮ ಕೊಡಗು ಮತ್ತು ಕರಾವಳಿಯಲ್ಲಿ ತುಡುವೆ ಜೇನು ಕುಟುಂಬಗಳು ಸಾಲುಸಾಲಾಗಿ ನಾಶವಾದದ್ದು 1991-92ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗದಿಂದ. ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಈಗಲೂ ಜೇನು ಸತ್ತಿದ್ದರೆ ಮೊದಲು ನೋಡಬೇಕಾದದ್ದು ಮರಿಹುಳುಗಳನ್ನು, ಹಾಗೂ ಹೂ ಬಿಟ್ಟ ಬೆಳೆಗೆ ಹಗಲಿನಲ್ಲಿ ಯಾರು ಏನು ಸಿಂಪಡಿಸಿದರೆಂಬುದನ್ನು.

ಹೊಲದ ಮೇಲೆ ಹಾದುಹೋಗುವ ಹೈಟೆನ್ಷನ್ ತಂತಿಗಳ ಕಾಂತಕ್ಷೇತ್ರವೂ 2002ರಿಂದ 2ಬಿ ಗುಂಪಿನಲ್ಲಿದೆ. ಇಂತಹ ಕ್ಷೇತ್ರ ಸದಾ ಹೆಚ್ಚಿರುವ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸ್ವಲ್ಪ ಹೆಚ್ಚಿರಬಹುದೆಂಬ ಅಂಕಿ-ಅಂಶಗಳ ಸುಳಿವು ಇದಕ್ಕೆ ಆಧಾರ. ಕ್ಷೇತ್ರವೇ ಕಾರಣವೆಂದು ಸಿದ್ಧವಾಗಿಲ್ಲ. ತಂತಿಯ ಕೆಳಗೆ ಮನೆ ಕಟ್ಟಬಾರದು, ಅದಕ್ಕೆ ನಿಯಮವೂ ಅವಕಾಶ ಕೊಡುವುದಿಲ್ಲ. ಉಳುಮೆ, ಕಳೆಗೆ ಹೋಗಿಬರುವುದರಿಂದ ಆತಂಕಪಡಬೇಕಾಗಿಲ್ಲ.

ಆತಂಕಪಡಬೇಕಾದದ್ದು ಬೇರೆಯೇ ಇದೆ. ಅಡಿಕೆ ಕೊಯ್ಲಿಗೂ ಔಷಧಿ ಸಿಂಪಡಣೆಗೂ ಈಗ ಬಳಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ. ಲೋಹವಲ್ಲವೆಂದು ಅದನ್ನು ಸುರಕ್ಷಿತವೆಂದು ಭಾವಿಸುವವರನ್ನು ನಾನು ಕಂಡಿದ್ದೇನೆ. ತೋಟದ ಅಂಚಿನ ತಂತಿಗೆ ದೋಟಿಯಾಗಲಿ ಅಲ್ಯೂಮಿನಿಯಂ ಏಣಿಯಾಗಲಿ ತಾಗಿದರೆ ಮರುಕ್ಷಣ ಉಳಿಯುವುದಿಲ್ಲ. ಹೈಟೆನ್ಷನ್ ತಂತಿಯ ಕೆಳಗಿನ ಉದ್ದನೆಯ ತಂತಿ ಬೇಲಿಯಲ್ಲಿ ತಾನಾಗಿಯೇ ವಿದ್ಯುತ್ ಪ್ರೇರಿತವಾಗುವುದರಿಂದ ಅದಕ್ಕೆ ಅರ್ಥಿಂಗ್ ಬೇಕು. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿದರೆ ವಿಕಿರಣ ಬರುವುದಿಲ್ಲವೇ ಎಂದು ಕೇಳುತ್ತಾರೆ. ಅದರ ಸಿಮ್ ಕಳುಹಿಸುವ ತರಂಗ ನಿಮ್ಮ ಫೋನಿನದಕ್ಕಿಂತ ಹೆಚ್ಚೇನಲ್ಲ. ಆದರೆ ಯಾರೋ ಮನೆಯಲ್ಲಿ ಕುಳಿತು ಕರೆ ಮಾಡಿದಾಗ ಪೆಟ್ಟಿಗೆಯೊಳಗೆ ಇನ್ನೊಬ್ಬರ ಕೈ ಇದ್ದರೆ ಅಲ್ಲಿ ಹರಿಯುವುದು 415 ವೋಲ್ಟ್. ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡ ನಂತರವೇ ರಿಪೇರಿಗೆ ಕೈ ಹಾಕಿರಿ. ಸಿಂಪಡಣೆಯ ನಡುವೆ ಕರೆ ಬಂದರೆ ಔಷಧಿ ಮೆತ್ತಿದ ಕೈಯಲ್ಲಿ ಫೋನ್ ಮುಟ್ಟಬೇಡಿರಿ. ಸಂಜೆ ಅದೇ ಫೋನ್ ಮಗುವಿನ ಕೈಗೆ ಹೋಗುತ್ತದೆ.

ಟವರಿನ ಬಗ್ಗೆ ಸಂದೇಹ ಉಳಿದಿದ್ದರೆ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಊರಿನ ಟವರ್ ಮಿತಿಯೊಳಗಿದೆಯೇ ಎಂದು ನೋಡಬಹುದು, ನಿಗದಿತ ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು. ನಿಮ್ಮ ಜಮೀನಿನಲ್ಲಿ ಟವರ್ ಹಾಕುತ್ತೇವೆ, ಮುಂಗಡ ಕಟ್ಟಿರಿ ಎಂಬ ಸಂದೇಶ ಬಂದರೆ ಅದು ಮೋಸ; ಹಣ ಕಟ್ಟದೆ ಪೊಲೀಸರಿಗೆ ತಿಳಿಸಿರಿ.