ಮುಧೋಳ ನಾಯಿಯ ಮಿಶ್ರ ತಳಿ: ಅರ್ಜಿದಾರರ ಗಮನಕ್ಕೆ

ಮುಧೋಳ ನಾಯಿಯು ಕಣ್ಣಿಗೆ ಬಿದ್ದ ಪ್ರಾಣಿಯನ್ನು ಬೆನ್ನಟ್ಟಿ ಹಿಡಿಯುವ ತಳಿಯಾಗಿದೆ. ಲ್ಯಾಬ್ರಡಾರ್ ನಾಯಿಯಾದರೋ ಹೊಡೆದುರುಳಿಸಿದ ಹಕ್ಕಿಯನ್ನು ವಾಸನೆಯಿಂದ ಪತ್ತೆಹಚ್ಚಿ ತರುವಂಥದು. ಓಟದ ನಾಯಿಗೆ ಇಂತಹ ಕೆಲಸದ ನಾಯಿಯನ್ನು ಕೂಡಿಸಿ, ವೇಗ ಹಾಗೂ ವಿಧೇಯತೆಗಳೆರಡನ್ನೂ ಪಡೆಯುವ ಉದ್ದೇಶದಿಂದ ಬ್ರಿಟನ್ನಿನಲ್ಲಿ ಲರ್ಚರ್ ಎಂಬ ಮಿಶ್ರ ನಾಯಿಗಳನ್ನು ಬೆಳೆಸಲಾಗುತ್ತದೆ. ಆದರೆ ಒಂದೇ ಸೂಲಿನ ಮರಿಗಳಲ್ಲಿಯೂ ಗುಣಗಳು ಸಮನಾಗಿ ಬರುವುದಿಲ್ಲ. ಮೈಕಟ್ಟು ಭಾರವಾದಲ್ಲಿ ಓಟ ಕುಗ್ಗುತ್ತದೆ. ಮಿಶ್ರ ಮರಿಗಳನ್ನೇ ಪರಸ್ಪರ ಕೂಡಿಸಿದಲ್ಲಿ ವ್ಯತ್ಯಾಸವು ಇನ್ನೂ ಹೆಚ್ಚುತ್ತದೆ.

ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರವು ಶುದ್ಧ ಮುಧೋಳ ತಳಿಯ ಸಂರಕ್ಷಣೆಗಾಗಿ ಸ್ಥಾಪಿತವಾಗಿರುವುದರಿಂದ, ಅಲ್ಲಿನ ಮರಿಗಳನ್ನು ಮಿಶ್ರಣಕ್ಕೆ ಬಳಸುವುದು ಉಚಿತವಲ್ಲ. 2017ರ ಕೇಂದ್ರ ನಿಯಮಗಳನ್ವಯ ಮರಿ ಮಾರುವ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ನಾಯಿ ಬಿಟ್ಟು ಕಾಡುಮೊಲ ಹಿಡಿಯುವುದೂ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಡಿ ಬೇಟೆಯೆನಿಸಿ ಶಿಕ್ಷಾರ್ಹವಾಗಿದೆ.